ಮಾರಾಟಕ್ಕಿಲ್ಲದ ಚೆಂಬು

ಅಥವಾ ಆ ಚೆಂಬು ಮೊದಲೇ ಅಲ್ಲಿತ್ತು. ನಾನು ಅದನ್ನು ಕಂಡಿದ್ದೆ, ಕಂಡದ್ದನ್ನು ಮರೆತೆ, ಮರೆತದ್ದನ್ನು ನಾನೇ ಹುಟ್ಟಿಸಿದೆ ಅಂದುಕೊಂಡೆ. ಹೀಗೂ ಆಗಿರಬಹುದು. ಆ ಬೆಳಿಗ್ಗೆಯ ಬಗ್ಗೆ ನನಗೆ ಖಚಿತವಾಗಿ ನೆನಪಿರುವುದು ಮೂಡುಬಿದಿರೆಯ ಪಾತ್ರೆ ಅಂಗಡಿಯಲ್ಲಿ ಕೊಟ್ಟ ಬೆಲ್ಲದ ಕಾಫಿ ಮಾತ್ರ. ಅದನ್ನೂ ನಂಬಬೇಕಾಗಿಲ್ಲ. ಬೆಲ್ಲದ ಕಾಫಿ ಎಂದು ಎರಡು ಕಡೆ ಬರೆದಿದ್ದೇನೆ; ಬರೆದ ಮೇಲೆ ನಾಲಗೆಗೆ ರುಚಿ ಬಂದಿದ್ದರೂ ಬಂದಿರಬಹುದು.

ಇಷ್ಟು ಅನುಮಾನ ಯಾಕೆಂದರೆ, ಆ ಚೆಂಬಿನ ಕತೆ ನಾನೇ ಕಟ್ಟಿದ್ದು ಎಂಬ ಒಂದೇ ಧೈರ್ಯದ ಮೇಲೆ ನಾನು ಚೆನ್ನಾಗಿ ನಡೆಯುತ್ತಿದ್ದ ಕೆಲಸ ಬಿಟ್ಟು ಕತೆಗಾರ್ತಿಯಾದೆ.

ಕೆಲಸ ಎಂದರೆ ಮೆಲ್ಕಾರಿನಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಕೂತು ವೆಬ್‌ಸೈಟ್ ಮಾಡುವುದು. ಇದ್ದದ್ದು ಇಬ್ಬರೇ: ನಾನು, ಮತ್ತು ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪಾಣೆಮಂಗಳೂರಿನ ಗೆಳತಿ. ಅವಳದ್ದು ಕೋಡ್, ನನ್ನದು ಪುಟದ ಅಂದ ಮತ್ತು ಬರವಣಿಗೆ. ಮದುವೆ ಹಾಲ್‌ನವರು, ಶಾಲೆಯವರು, ಟೈಲ್ಸ್ ಅಂಗಡಿಯವರು ಬರುತ್ತಿದ್ದರು. ಎಲ್ಲರಿಗೂ ವೆಬ್‌ಸೈಟ್ ಬೇಕು, ಅದರೊಳಗೆ ಏನು ಹಾಕಬೇಕೆಂದು ಯಾರಿಗೂ ಗೊತ್ತಿಲ್ಲ. "ಮ್ಯಾಟರ್ ನಾಳೆ ಕಳಿಸ್ತೇನೆ ಮೇಡಂ" ಎನ್ನುತ್ತಿದ್ದರು. ಆ ನಾಳೆ ಬರುತ್ತಿರಲಿಲ್ಲ. ಖಾಲಿ ಜಾಗಕ್ಕೆ ಈ ಕಸುಬಿನವರೆಲ್ಲ ತುಂಬುವ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನೇ ನಾವೂ ಮೊದಮೊದಲು ತುಂಬುತ್ತಿದ್ದೆವು. ಒಬ್ಬ ಹಾಲ್ ಮಾಲಕರು ಅದನ್ನು ನೋಡಿ, ಸೈಟಿಗೆ ವೈರಸ್ ಹೊಕ್ಕಿದೆ ಎಂದು ಗಾಬರಿಯಿಂದ ಫೋನ್ ಮಾಡಿದರು. ಅಂದಿನಿಂದ ನಾನು ಕನ್ನಡದಲ್ಲೇ ತುಂಬತೊಡಗಿದೆ. 'ನಮ್ಮ ಬಗ್ಗೆ' ಎಂಬ ಪುಟಕ್ಕೆ ಎರಡು ಪ್ಯಾರಾ. ಯಾರದೋ ಅಜ್ಜ, ಯಾವುದೋ ಹೊಳೆ. ನಿಜವಾದ ಮ್ಯಾಟರ್ ಬಂದಾಗ ಅಳಿಸಿಬಿಡುವುದು.

ಪಾತ್ರೆ ಅಂಗಡಿಯದ್ದನ್ನು ಅಳಿಸಲಿಲ್ಲ. ಅದು ಜೈನ ಮನೆತನವೊಂದರ ಮೂರು ತಲೆಮಾರಿನ ಅಂಗಡಿ. ಫೋಟೋ ತೆಗೆಯಲು ನಾವಿಬ್ಬರೂ ಒಂದು ಬೆಳಿಗ್ಗೆ ಹೋಗಿದ್ದೆವು. ಮಾಲಕರಿದ್ದರು; ಒಳಗಿನ ಬೆಂಚಿನ ಮೇಲೆ ಅವರ ಸೋದರತ್ತೆ, ಎಂಬತ್ತು ದಾಟಿದ ಅಜ್ಜಿ, ಕೂತಿದ್ದರು. ವಾಪಸು ಬಂದು ನಾನು ತುಂಬಿದ್ದು ಇದು: ಅಂಗಡಿ ಕಟ್ಟಿದ ಅಜ್ಜ ತಲೆಹೊರೆಯಲ್ಲಿ ಪಾತ್ರೆ ಮಾರುತ್ತಿದ್ದ ಕಾಲ. ಪಾಣೆಮಂಗಳೂರಿನಲ್ಲಿ ದೋಣಿಯಿಂದ ಒಂದು ತಾಮ್ರದ ಚೆಂಬು ನೇತ್ರಾವತಿಗೆ ಬಿತ್ತು. ಮೂರನೆಯ ದಿನ ಗುರುತಿಲ್ಲದ ಒಬ್ಬ ಮನುಷ್ಯ ಅದನ್ನು ಮನೆಗೆ ತಂದುಕೊಟ್ಟು, ಒಂದು ಲೋಟ ನೀರೂ ಕುಡಿಯದೆ ಹೋದ. ಅಂದಿನಿಂದ ಈ ಅಂಗಡಿಯಲ್ಲಿ ಒಂದು ಚೆಂಬು ಮಾರಾಟಕ್ಕಿಲ್ಲ.

ಅಷ್ಟರಲ್ಲಿ ಅವರಿಗೆ ಬೆಳ್ತಂಗಡಿಯಲ್ಲಿ ಎರಡನೆಯ ಅಂಗಡಿ ತೆರೆಯುವ ಗಡಿಬಿಡಿ. "ಈಗ ಉಂಟಲ್ಲ, ಅದನ್ನೇ ಹಾಕಿಬಿಡಿ. ಮತ್ತೆ ನೋಡುವ" ಎಂದು ಮಾಲಕರು ಫೋನಿನಲ್ಲಿ ಹೇಳಿದರು. ಗೆಳತಿ ಹಾಕಿಬಿಟ್ಟಳು. ಆಮಂತ್ರಣ ಪತ್ರಿಕೆಯನ್ನು ಅಚ್ಚು ಮಾಡಿದವರು ನನ್ನ ಪ್ಯಾರಾವನ್ನು ಸೈಟಿನಿಂದ ಎತ್ತಿ ಹಿಂಬದಿಯಲ್ಲಿ ಹಾಕಿದರು. ಪತ್ರಿಕೆ ನಮ್ಮ ಕೋಣೆಗೆ ಬಂದ ದಿನ ನಾನು ಕುರ್ಚಿಯಿಂದ ಎದ್ದು ನಿಂತೆ. ಗೆಳತಿ ಬಿದ್ದು ಬಿದ್ದು ನಕ್ಕಳು.

"ಅವರ ಅಜ್ಜನನ್ನು ದೋಣಿ ಹತ್ತಿಸಿದ್ದು ನೀನು. ಇನ್ನು ನೀನೇ ಇಳಿಸು" ಎಂದಳು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೂ ಅಲುಗಾಡುತ್ತದೆ.

ಬೆಳ್ತಂಗಡಿಯ ಅಂಗಡಿ ತೆರೆದ ದಿನ ನಾವೂ ಹೋಗಿದ್ದೆವು. ಅಜ್ಜಿಯನ್ನು ಬಾಗಿಲ ಹತ್ತಿರವೇ ಕುರ್ಚಿ ಹಾಕಿ ಕೂರಿಸಿದ್ದರು. ಬಂದವರಿಗೆಲ್ಲ ಅವರು ಚೆಂಬಿನ ಕತೆ ಹೇಳುತ್ತಿದ್ದರು.

"ನಾನು ಆಗ ಸಣ್ಣವಳು. ಆ ಮನುಷ್ಯನ ಮುಂಡು ಮೊಣಕಾಲಿನವರೆಗೆ ಚಂಡಿ, ನೀರು ತೊಟ್ಟಿಕ್ತಾ ಉಂಟು. ಅಪ್ಪ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂದ್ರೂ ಕೂತ್ಕೊಳ್ಳಲಿಲ್ಲ."

ಚಂಡಿ ಮುಂಡು ನನ್ನ ಪ್ಯಾರಾದಲ್ಲಿ ಇರಲಿಲ್ಲ. ಅಂದು ನನಗೆ ಅದು ಗೆದ್ದಂತೆ ಅನಿಸಿತು: ನಾನು ಹುಟ್ಟಿಸಿದ ಮನುಷ್ಯನಿಗೆ ಅಜ್ಜಿ ಬಟ್ಟೆ ತೊಡಿಸಿದ್ದಾರೆ! ಕಾಣದ್ದನ್ನು ಕಂಡಂತೆ ಮಾಡುವ ಶಕ್ತಿ ನನಗಿದೆ! ಬಸ್ಸಿನಲ್ಲಿ ವಾಪಸು ಬರುವಾಗ ಗೆಳತಿ ಹೇಳಿದಳು: "ನೀನು ಇಲ್ಲಿ ಎಂತ ಮಾಡ್ತಿದ್ದೀ ಮಾರಾಯ್ತಿ? ಹೋಗಿ ಕತೆ ಬರಿ."

ಇದನ್ನು ನಾನು ಎಲ್ಲ ಕಡೆ ಆಶೀರ್ವಾದದ ಹಾಗೆ ಹೇಳಿಕೊಂಡು ಬಂದಿದ್ದೇನೆ. ಆದರೆ ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿರುವುದು ನನ್ನ ಕನ್ನಡ. ಆ ವಾರ ಟೈಲ್ಸ್ ಅಂಗಡಿಯ ಪುಟಗಳನ್ನು ನಾನು ಮುಗಿಸದೆ ಬಿಟ್ಟಿದ್ದೆ, ಅವಳು ಎರಡು ಸಲ ಕೇಳಿದ್ದಳು. ಅದು ಚುಚ್ಚು ಮಾತಾಗಿದ್ದರೆ? ಮೂರು ತಿಂಗಳಲ್ಲಿ ನಾನು ಕೋಣೆ ಬಿಟ್ಟೆ. "ಕೀ ಎಲ್ಲಿಟ್ಟಿದ್ದೀ?" ಎಂದಷ್ಟೇ ಕೇಳಿದಳು. ಕಣ್ಣು ಒದ್ದೆಯಾಗಿತ್ತು ಎಂದು ಒಂದು ಲೇಖನದಲ್ಲಿ ಬರೆದಿದ್ದೇನೆ. ಯಾರ ಕಣ್ಣು ಎಂದು ಬರೆದಿಲ್ಲ.

ಈ ವರ್ಷ ನನ್ನ ಮೊದಲ ಸಂಕಲನ ಅಚ್ಚಿಗೆ ಹೊರಟಿತು. ಹನ್ನೆರಡು ಕತೆ, ಮೊದಲನೆಯದು ಚೆಂಬಿನದ್ದು. ಈ ಕತೆಗಳೆಲ್ಲ ಸಂಪೂರ್ಣ ನನ್ನ ಕಲ್ಪನೆ ಎಂಬ ಒಂದು ಹಾಳೆಗೆ ಪ್ರಕಾಶಕರು ಸಹಿ ಕೇಳಿದರು. ಸಹಿ ಹಾಕುವ ಮೊದಲು ಅಂಗಡಿಯವರಿಗೆ ಒಂದು ಮಾತು ಹೇಳುವುದು ಮರ್ಯಾದೆ ಎಂದು ಮೂಡುಬಿದಿರೆಗೆ ಹೋದೆ.

ಮಾಲಕರು ಕೂರುವ ಜಾಗದ ಮೇಲಿನ ಹಲಗೆಯಲ್ಲಿ ಒಂದು ತಾಮ್ರದ ಚೆಂಬು ಇತ್ತು. ಒಂದು ಮಗ್ಗುಲು ನೆಗ್ಗಿತ್ತು. ಕೆಳಗೆ ಚೀಟಿ: ಮಾರಾಟಕ್ಕಿಲ್ಲ.

"ಇದನ್ನು ಯಾವಾಗ ಇಟ್ಟದ್ದು?"

"ಯಾವಾಗ ಅಂದ್ರೆ? ಅದು ಅಲ್ಲಿಯೇ ಇದ್ದದ್ದಲ್ವಾ, ಅಜ್ಜನ ಕಾಲದಿಂದ. ಚೀಟಿ ಮಾತ್ರ ನಾವು ಆಮೇಲೆ ಅಂಟಿಸಿದ್ದು. ನಿಮ್ಮ ಸೈಟ್ ನೋಡಿ ಬಂದವರು ಕೈಯಲ್ಲಿ ಹಿಡಿದು ರೇಟ್ ಕೇಳ್ತಾರೆ."

"ಸರ್, ಆ ಕತೆ ನಾನು ಸುಮ್ಮನೆ ಬರೆದದ್ದು. ಜಾಗ ತುಂಬಿಸ್ಲಿಕ್ಕೆ."

ಅವರು ಜ್ವರ ಬಂದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಸುಮ್ಮನೆ ಬರೀಲಿಕ್ಕೆ ಹೇಗೆ ಆಗ್ತದೆ ಅಮ್ಮಾ? ಅತ್ತೆ ಹೇಳ್ತಿದ್ರಲ್ಲ."

"ಮೊದಲಿನಿಂದ ಹೇಳ್ತಿದ್ರಾ? ಸೈಟಿಗಿಂತ ಮೊದಲು?"

ಅವರು ತಲೆ ಎತ್ತಿ ಚೆಂಬನ್ನು ನೋಡಿ, "ಹೇಳ್ತಿದ್ರು ಇರ್ಬೇಕು" ಎಂದರು. ಅಜ್ಜಿ ಹೋದ ವರ್ಷ ತೀರಿಕೊಂಡಿದ್ದರು. ಮಾಲಕರು ವ್ಯಾಪಾರದವರು, ಕತೆಯಿಂದ ಗಿರಾಕಿ ಬರುತ್ತಾರೆ. ಹಳೆಯ ಪಾತ್ರೆಗಳ ರಾಶಿಯಿಂದ ನೆಗ್ಗಿದ ಚೆಂಬೊಂದನ್ನು ಹೆಕ್ಕಿ ಇಡುವುದು ಕಷ್ಟವಲ್ಲ. ಆದರೆ ಅವರ ಮುಖದಲ್ಲಿ ಸುಳ್ಳು ಕಾಣಲಿಲ್ಲ. ಮುಖ ನೋಡಿ ಹೇಳುವಷ್ಟು ನನಗೆ ತಿಳಿಯುತ್ತದೆ ಎಂದೂ ಅಲ್ಲ.

ಅಲ್ಲಿಂದ ನೇರ ಮೆಲ್ಕಾರಿಗೆ ಬಂದೆ. ಈಗ ಅಲ್ಲಿ ಮತ್ತಿಬ್ಬರು ಹುಡುಗಿಯರು ಕೆಲಸ ಮಾಡುತ್ತಾರೆ. ಗೆಳತಿ ಹಳೆಯ ಹಾರ್ಡ್‌ಡಿಸ್ಕ್ ಹುಡುಕಿ ಆ ದಿನದ ಫೋಟೋಗಳನ್ನು ತೆರೆದಳು. ಆ ಹಲಗೆ ಒಂದೇ ಒಂದು ಫೋಟೋದಲ್ಲಿತ್ತು. ಅಂಚಿನಲ್ಲಿ ಏನೋ ಕೆಂಪಗೆ ಹೊಳೆಯುತ್ತಿತ್ತು, ಅರ್ಧ ತುಂಡಾಗಿ. ಚೆಂಬಿರಬಹುದು, ಯಾವುದಾದರೂ ಮುಚ್ಚಳವೂ ಇರಬಹುದು. ಫೋಟೋ ತೆಗೆದದ್ದು ನಾನೇ.

"ನಿನಗೆ ನಿಜವಾಗಿ ಮರ್ತೇ ಹೋಯ್ತಾ?" ಎಂದಳು ಗೆಳತಿ. "ನಾನು ಲೈಟ್ ಸರಿ ಮಾಡ್ತಾ ಇದ್ದೆ. ನೀನು ಅಜ್ಜಿ ಹತ್ರ ಕೂತು ಅರ್ಧ ಗಂಟೆ ಪಟ್ಟಾಂಗ ಹೊಡೆದೆ."

"ಎಂತ ಹೇಳಿದ್ರು ಅವರು?"

"ನನಗೆಂತ ಗೊತ್ತು? ಅವತ್ತೇ ಬಸ್ಸಲ್ಲಿ ನೀನೇ ಹೇಳಿದ್ದು, ಹೊಳೆಗೆ ಬಿದ್ದದ್ದು ವಾಪಸ್ ಸಿಕ್ಕಿತಂತೆ ಅಂತ."

"ಚೆಂಬಾ?"

"ಚೆಂಬೋ, ಚಪ್ಪಲಿಯೋ. ಎಂತದೋ ಒಂದು."

ಹಾಗಾದರೆ ಆಮಂತ್ರಣ ಪತ್ರಿಕೆ ಬಂದ ದಿನ 'ಅಜ್ಜನನ್ನು ದೋಣಿ ಹತ್ತಿಸಿದ್ದು ನೀನು' ಎಂದಳಲ್ಲ? ಅದನ್ನೇ ಕೇಳಿದೆ.

"ನಾನು ಹೇಳಿದ್ದಾ? ಅದು ನಿನ್ನ ಮಾತಿನ ಹಾಗೆ ಉಂಟು."

"ನಾನೇ ಕಟ್ಟಿದ್ದು ಅಂತ ಇಷ್ಟು ವರ್ಷ ಕುಣಿದೆನಲ್ಲ, ಒಂದು ಸಲ ಹೇಳಬಾರದಿತ್ತಾ?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀನು ಕೇಳಲಿಲ್ಲ. ಮತ್ತೆ, ನಿನ್ನ ಟೈಲ್ಸ್ ಪುಟ ಕಾದು ಕಾದು ನನಗೂ ಸಾಕಾಗಿತ್ತು ಮಾರಾಯ್ತಿ" ಎಂದು ನಕ್ಕಳು. ತಮಾಷೆಯೇ ಇರಬೇಕು. ಇಲ್ಲವೇ ಬಿಟ್ಟುಹೋದವಳ ಮೇಲೆ ಉಳಿದವಳು ಈಗ ಸೇಡು ತೀರಿಸಿಕೊಂಡದ್ದೂ ಇರಬಹುದು.

ಚೆಂಬಿನ ಕತೆಯನ್ನು ತೆಗೆದುಬಿಡಿ ಎಂದು ಪ್ರಕಾಶಕರಿಗೆ ತಿಳಿಸಿದೆ. ಇದ್ದುದರಲ್ಲಿ ಒಳ್ಳೆಯದು ಅದೇ ಎಂದು ಅವರು ಬೇಸರ ಮಾಡಿಕೊಂಡರು. ಉಳಿದ ಹನ್ನೊಂದಕ್ಕೆ ಸಹಿ ಹಾಕಿ ಕಳಿಸಿದೆ. ಹಾಕುವಾಗ ಒಂದೊಂದು ಕತೆಯನ್ನೂ ಇದನ್ನು ಯಾರಿಂದ ಕೇಳಿದೆ ಎಂದು ಅನುಮಾನದಿಂದ ನೋಡಿದೆ.

ಪುನಃ ವೆಬ್‌ಸೈಟ್ ಮಾಡಲು ಹೋಗುವುದಿಲ್ಲ, ಅಷ್ಟು ಗೊತ್ತು. ಆ ಬೆಳಿಗ್ಗೆ ಒಳಗಿನ ಬೆಂಚಿನ ಮೇಲೆ ಅಜ್ಜಿ ನನಗೆ ಏನು ಹೇಳಿದರು ಎಂಬುದು ಗೊತ್ತಿಲ್ಲ. ಏನಾದರೂ ಹೇಳಿದರೋ ಇಲ್ಲವೋ ಎಂಬುದೂ ಗೊತ್ತಿಲ್ಲ.