ರೀ ಹಚ್ಚಿ ಕರೆಸಿದವನು

ಅರಕೇರಾದ ಕುರಿಗಾರ ಮಾಳಿಂಗಪ್ಪನನ್ನು ಊರ ಗೌಡನ ಮಗ ಶೇಖರಗೌಡ, ಇನ್ನೂ ಮೀಸೆ ಮೂಡದ ಹುಡುಗ, "ಲೇ ಮಾಳ್ಯಾ" ಎಂದೇ ಕರೆಯುತ್ತಿದ್ದ. ಅಪ್ಪ ಓಡಿಹೋಗಿ ಕೈಕಟ್ಟಿ ನಿಲ್ಲುವುದನ್ನು ನೋಡುತ್ತ ಬೆಳೆದವನು ಮಾಳಿಂಗಪ್ಪನ ಮಗ ಜಂಬಣ್ಣ. ಅದೇ ಬಾಯಿಂದ ಅಪ್ಪನಿಗೆ 'ಬರ್ರಿ' ಅನ್ನಿಸಬೇಕೆಂಬುದೊಂದೇ ಅವನ ಹಟ.

೧೯೭೬ರಲ್ಲಿ ರಾಯಚೂರಿನ ಕಾಲೇಜಿಗೆ ಸೇರಿದಾಗ ಅವನು ಓಟಗಾರ. ಅಲ್ಲಿನ ಗಂಜ್ ಮಾರುಕಟ್ಟೆಯ ಹತ್ತಿ ವ್ಯಾಪಾರಿ ದಸ್ತಗೀರ್ ಸಾಬ್ ಹಳೆಯ ಬಾಕ್ಸರ್. "ಓಡ್ಕೊಂತ ಯಾರಿಗೆ ಹೊಡೀತಿ ಬೇ? ನಿಂತು ಹೊಡಿ" ಎಂದು ಕೈಗವಸು ತೊಡಿಸಿದರು. ಹತ್ತಿ ಚೀಲಕ್ಕೆ ಗುದ್ದುವಾಗೆಲ್ಲ ಜಂಬಣ್ಣನಿಗೆ ಶೇಖರಗೌಡನ ಬಾಯಿ ಕಾಣುತ್ತಿತ್ತು. ಮಾನ್ವಿಯ ಪಂದ್ಯದಲ್ಲಿ ಯಾರದೋ ದವಡೆ ಮುರಿದ. ೧೯೮೧ರಲ್ಲಿ ರಾಜ್ಯ ಚಾಂಪಿಯನ್ ಆದ.

ದೇವದುರ್ಗದಲ್ಲಿ ಸನ್ಮಾನ ಇಟ್ಟರು. ಹಾರ ಹಿಡಿದು ನಿಂತವನು ಚುನಾವಣೆಗೆ ಓಡಾಡುತ್ತಿದ್ದ ಅದೇ ಶೇಖರಗೌಡ. ಜಂಬಣ್ಣ ಕುತ್ತಿಗೆ ಬಗ್ಗಿಸದೆ ಮೈಕಿನಲ್ಲಿ ಹೇಳಿದ:

"ಹಾರ ಆಮ್ಯಾಲ. ಅಲ್ಲಿ ನೆಲದ ಮ್ಯಾಲ ನಮ್ಮಪ್ಪ ಕುಂತಾನ. ಅವನ್ನ ಮ್ಯಾಲ ಕರೀರಿ. ರೀ ಹಚ್ಚಿ ಕರೀರಿ."

ನೆರೆದಿದ್ದ ನಾವೆಲ್ಲ ಕೇಕೆ ಹಾಕಿದೆವು. ಮತ ಬೇಕಿತ್ತಲ್ಲ, ಗೌಡ ಹಾರ ಹಿಡಿದುಕೊಂಡೇ, "ಮಾಳಿಂಗಪ್ಪನವರ, ಬರ್ರಿ" ಎಂದ.

ಮಾಳಿಂಗಪ್ಪ ಏಳಲಿಲ್ಲ. ಯಾರೋ ದೊಡ್ಡವರನ್ನು ಕರೆದರೆಂದು ಹಿಂದಕ್ಕೆ ತಿರುಗಿ ನೋಡಿ, ದಾರಿ ಬಿಡಲು ಪಕ್ಕಕ್ಕೆ ಸರಿದು ಕುಳಿತ.

ಜಂಬಣ್ಣ ಮೈಕು ಬಿಡಲಿಲ್ಲ. "ಅವಗ ರೂಢಿ ಇಲ್ಲ ಗೌಡ್ರ. ಅಂವ ಏಳೂತನಕ ಕರೀರಿ."

ಗೌಡ ಮತ್ತೆ ಕರೆದ. ಮತ್ತೆ ಮತ್ತೆ ಕರೆದ, ದನಿ ಒಡೆಯಿತು. ನಾವು ಯಾರೂ ಬಿಡಿಸಲು ಹೋಗಲಿಲ್ಲ.