ನಾನು ಅರ್ಥ ಹೇಳುತ್ತಿದ್ದ ಇಂಗ್ಲಿಷ್ ಸಿನಿಮಾ

ತನ್ನ ತಂಗಿ ತೀರಿಕೊಂಡ ಮೇಲೆ ನನ್ನ ಹೆಂಡತಿ ನಕ್ಕಿದ್ದನ್ನು ನಾನು ಕಂಡಿಲ್ಲ. ಅಳುವುದೂ ಇಲ್ಲ. ಅಡುಗೆ ಮಾಡುತ್ತಾಳೆ, ಬಟ್ಟೆ ಮಡಚುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ನಾನೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಫ್ರಿಜ್ಜು, ಎಸಿ ರಿಪೇರಿ ಮಾಡಿ ಬರುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಯಾರ ಮುಂದೆಯೂ ಕೈ ಚಾಚದೆ ದಿಲ್ಲಿಯಲ್ಲಿ ಮನೆ ಮಾಡಿದವನು. ಅವಳನ್ನು ನಗಿಸುವುದಕ್ಕೂ ಏನಾದರೂ ದಾರಿ ಇರಬೇಕು ಅನ್ನಿಸಿತು.

ಮದುವೆಯಾದ ಹೊಸತರಲ್ಲಿ ಇಲ್ಲೇ ಮುನಿರ್ಕಾ ಬಡಾವಣೆಯ ಒಂದೇ ಕೋಣೆಯಲ್ಲಿದ್ದೆವು. ಮೇಲಿನ ಮಹಡಿಯ ವಿದ್ಯಾರ್ಥಿಗಳು ರೂಮು ಖಾಲಿ ಮಾಡುವಾಗ ಒಂದು ಸಿಡಿ ಬಿಟ್ಟುಹೋಗಿದ್ದರು. ಹಾಲಿವುಡ್ಡಿನ ಹಳೆಯ ಪೋಲಿ ಕಾಮಿಡಿ. ಕಾಲೇಜು ಹುಡುಗನೊಬ್ಬ ಡಾಕ್ಟರ ಬಿಳಿ ಕೋಟು ಕದ್ದು, ಹುಡುಗಿಯರ ಹಾಸ್ಟೆಲ್ಲಿಗೆ ತಪಾಸಣೆಗೆಂದು ಹೋಗುತ್ತಾನೆ. ಕಿಟಕಿಯ ಪರದೆ ಎಳೆದುಕೊಂಡು ನೋಡುತ್ತಿದ್ದೆವು. ಅವಳಿಗೆ ಇಂಗ್ಲಿಷ್ ಬಾರದು, ನನಗೂ ಅಷ್ಟಕ್ಕಷ್ಟೆ. ಆದರೂ ಮಾತುಮಾತಿಗೂ ಅರ್ಥ ಹೇಳುತ್ತಿದ್ದವನು ನಾನೇ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಹೋದ ಭಾನುವಾರ ಮಧ್ಯಾಹ್ನ ಮಗಳಿಗೆ ಹೇಳಿ ಅದೇ ಸಿನಿಮಾವನ್ನು ಟಿವಿಯಲ್ಲಿ ಹುಡುಕಿಸಿದೆ. ಹೆಸರು ಹೇಳುವಾಗ ಸ್ವಲ್ಪ ಸಂಕೋಚವಾಯಿತು. ಈಗ ಅದು ಡಬ್ ಆಗಿ ಹಿಂದಿಯಲ್ಲೇ ಮಾತಾಡುತ್ತದೆ; ಅರ್ಥ ಹೇಳುವವರು ಬೇಕಿಲ್ಲ. ಮಗಳು ನಿಂತೇ ಸ್ವಲ್ಪ ಹೊತ್ತು ನೋಡಿದಳು.

"ಪಪ್ಪಾ, ಇದು ಕಾಮಿಡಿನಾ? ಯೇ ತೋ ಹರಾಸ್‌ಮೆಂಟ್ ಹೈ," ಎಂದು ತನ್ನ ಕೋಣೆಗೆ ಹೋದಳು.

ಕೋಟಿನ ಹುಡುಗ ಬಂದ. ಸಾಲಿನಲ್ಲಿ ನಿಂತ ಹುಡುಗಿ ಅವನನ್ನು ನಿಜಕ್ಕೂ ಡಾಕ್ಟರೆಂದೇ ನಂಬಿದ್ದಳು. ತನಗೆ ಭಯವಾಗುತ್ತಿದೆ ಎಂದಳು. ಕಿಟಕಿಯಾಚೆ ಅವನ ಗೆಳೆಯರು ಬಿದ್ದು ಬಿದ್ದು ನಗುತ್ತಿದ್ದರು.

"ಆಗ ನೀವು ಅರ್ಥ ಹೇಳುವಾಗ ಈ ಹುಡುಗಿಗೆ ಎಲ್ಲಾ ಗೊತ್ತಿತ್ತಲ್ಲ ರೀ," ಎಂದಳು ಹೆಂಡತಿ. "ಬೇಕಂತಲೇ ಅವನನ್ನ ಆಟ ಆಡಿಸ್ತಿದ್ಲು. ನಾಲಿಗೆ ತೋರಿಸು ಅಂದ್ರೆ, ಮೊದಲು ನಿಂದು ತೋರಿಸು, ಹಲ್ಲುಜ್ಜಿದ್ದೀಯಾ ನೋಡ್ತೀನಿ ಅಂದಿದ್ಲು."

"ಅದು ನಾನೇ ಸೇರಿಸಿ ಹೇಳ್ತಿದ್ದೆ."

"ಅಚ್ಛಾ. ನಾನು ನಗ್ತಿದ್ದಿದ್ದು ಅದಕ್ಕೇ."

ರಿಮೋಟಿನಲ್ಲಿ ಟಿವಿಯ ಸದ್ದು ಪೂರ್ತಿ ನಿಲ್ಲಿಸಿದೆ.

"ಹೇಳಿ ಮತ್ತೆ," ಎಂದಳು, ನನ್ನ ಕಡೆ ತಿರುಗದೆ.

ಹುಡುಗಿಯ ತುಟಿ ಅಲ್ಲಾಡುತ್ತಿತ್ತು. ಅವಳ ಪರವಾಗಿ ಆಡಲು ನನಗೆ ಒಂದು ಮಾತೂ ಹೊಳೆಯಲಿಲ್ಲ. ಮುಖವನ್ನಷ್ಟೇ ನೋಡಿದೆ.

"ಹೆದರಿದ್ದಾಳೆ," ಎಂದೆ.

ಹೆಂಡತಿ ಹೌದೆಂದು ತಲೆಯಾಡಿಸಿದಳು. ಮುಗಿಯುವವರೆಗೂ ಇಬ್ಬರೂ ಹಾಗೇ ಕೂತು ನೋಡಿದೆವು.