ಶೇಂಗಾ ಹಾಲಿನಲ್ಲಿ ಬೆರೆಸಿದ್ದು

ಅತ್ತಿಗೆ, ಆ ಬುಧವಾರ ಬೆಳಿಗ್ಗೆ ನಾನು ನಿಮ್ಮ ಕೈಗೆ ಕೊಟ್ಟ ಲೋಟದಲ್ಲಿದ್ದದ್ದು ಬರೀ ಶೇಂಗಾ ಹಾಲಲ್ಲ. ಅರ್ಧದಷ್ಟು ನಮ್ಮ ಎಮ್ಮೆಯ ಹಾಲಿತ್ತು. ಬೆರೆಸಿದವಳು ನಾನು. ಪಾತ್ರೆ ಅದಲುಬದಲಾಗಿ ಅಲ್ಲ, ಮರೆವಿನಿಂದಲೂ ಅಲ್ಲ — ಅಳೆದು, ಬೇಕೆಂದೇ ಬೆರೆಸಿದೆ.

ಇಷ್ಟು ಬರೆಯಲು ಆರು ವರ್ಷ ಬೇಕಾಯಿತು. ನಾನು ಎಲ್ಲವನ್ನೂ ಬರೆದಿಡುವವಳು ಎಂದು ನಿಮಗೆ ಗೊತ್ತು. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಎಮ್ಮೆ ಈದ ದಿನ, ಹರಿಹರದಿಂದ ದಾವಣಗೆರೆಗೆ ಬಸ್ಸು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದು ಕೂಡ. 'ನಮ್ಮ ಸುಮಾ ಮೇಲೆ ಹೋದ್ರೆ ಚಿತ್ರಗುಪ್ತನ ಲೆಕ್ಕಾನೂ ತಿದ್ದಿ ಬರ್ತಾಳೆ' ಎಂದು ಅಣ್ಣ ನಗುತ್ತಿದ್ದ. ಆದರೆ ಆ ಬುಧವಾರದ ಪುಟದಲ್ಲಿ ಇರುವುದು ಒಂದೇ ಸಾಲು: ಅತ್ತಿಗೆಗೆ ಬಸ್ಸಿನಲ್ಲಿ ಹುಷಾರಿಲ್ಲದಾಯಿತು. ಯಾಕೆ ಎಂದು ಬರೆದಿಲ್ಲ. ನನ್ನ ಡೈರಿಗೂ ನಾನು ಸುಳ್ಳು ಹೇಳಿದ ದಿನ ಅದು.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಅದೆಲ್ಲ ನನ್ನ ಕಡೆಯಿಂದ ಹೇಗೆ ಕಂಡಿತ್ತು ಎಂಬುದು ನಿಮಗೆ ಗೊತ್ತಿಲ್ಲ.

ನಮ್ಮದು ಹಾಲು ಹಾಕುವ ಮನೆ. ಅಪ್ಪ ತೀರಿಕೊಂಡ ಮೇಲೆ, ಅಣ್ಣನಿಗೆ ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯಲ್ಲಿ ಕೆಲಸ ಸಿಗುವ ತನಕ, ನಮ್ಮನ್ನು ಸಾಕಿದ್ದು ಅವ್ವನ ಎರಡು ಎಮ್ಮೆಗಳು. ಓಣಿಯ ಅರ್ಧ ಮನೆಗಳಿಗೆ ದಿನದ ಹಾಲಿನ ವರ್ತನೆ ಅವ್ವನದೇ. ಹಾಲಿಗೆ ನೀರು ಬೆರೆಸುವವರೆಂಬ ಮಾತು ಬರಬಾರದೆಂದು ಅವ್ವ ಒಂದು ರೂಢಿ ಇಟ್ಟುಕೊಂಡಿದ್ದಳು: ಹಿಂಡಿದ ಹಾಲಿನ ಮೊದಲ ಲೋಟವನ್ನು, ಪಾತ್ರೆ ಹಿಡಿದು ಕಟ್ಟೆಯ ಮೇಲೆ ಕೂತ ಹೆಂಗಸರ ಎದುರಿಗೇ, ಮನೆಯವರೊಬ್ಬರು ಕುಡಿಯಬೇಕು. ಅಣ್ಣನ ಮದುವೆಗೆ ಮುಂಚೆ ಆ ಲೋಟ ನನ್ನದಾಗಿತ್ತು. ನೀವು ನಂದಿಗುಡಿಯಿಂದ ಸೊಸೆಯಾಗಿ ಬಂದ ಮರುದಿನ ಅದು ನಿಮ್ಮದಾಯಿತು. ಹೊಸ ಸೀರೆ, ಕೈತುಂಬ ಹಸಿರು ಬಳೆ, ಮೇಲ್ತುಟಿಗೆ ಅಂಟಿದ ನೊರೆ. 'ನೋಡ್ರಿ, ನಮ್ಮ ಸೊಸಿ ಹೆಂಗೆ ಕುಡೀತಾಳೆ' ಎಂದು ಅವ್ವ ಹೇಳಿದಾಗ ಹೆಂಗಸರೆಲ್ಲ ನಕ್ಕರು. ನೀವೂ ನಕ್ಕಿರಿ.

ಮುಕ್ಕಾಲು ಗಂಟೆಯಲ್ಲಿ ನೀವು ಹಿತ್ತಲಿಗೆ ಓಡಿದ್ದನ್ನು ನೋಡಿದವಳು ನಾನೊಬ್ಬಳೇ. ಮಾರನೆಯ ದಿನವೂ ಹಾಗೆಯೇ. ಹೊಟ್ಟೆ ಗುಡುಗುಡು ಎನ್ನುವುದು ಕೇಳಿಸದಿರಲಿ ಎಂದು ನೀವು ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಿರಿ. ಕೊನೆಗೆ ಒಂದು ಸಂಜೆ, ತುಂಗಭದ್ರೆಯ ಸೇತುವೆಯ ಮೇಲೆ ನಡೆಯುವಾಗ, ನೀವೇ ಹೇಳಿದಿರಿ — ಸಣ್ಣವರಿದ್ದಾಗಿನಿಂದ ಹಾಲು ಆಗುವುದಿಲ್ಲ, ಮಜ್ಜಿಗೆ ತೊಂದರೆಯಿಲ್ಲ, ಬೆಣ್ಣೆ ತುಪ್ಪ ಏನೂ ಮಾಡುವುದಿಲ್ಲ, ಹಾಲು ಮಾತ್ರ... ಹಾಲು ಹಾಕುವ ಮನೆಗೆ ಸಂಬಂಧ ಕೂಡಿಬಂದಾಗ ನಿಮ್ಮ ತಾಯಿ, ಈ ಮಾತು ಅಲ್ಲಿ ಎತ್ತಬ್ಯಾಡ ಎಂದಿದ್ದರಂತೆ.

ಅವ್ವನಿಗೆ ಹೇಳುವ ಕೆಲಸ ನಾನು ವಹಿಸಿಕೊಂಡೆ. ಅವ್ವ ಬಯ್ಯಲಿಲ್ಲ. ಹೆದರಿದಳು. 'ಹಾಲು ಮಾರೋ ಮನಿ ಸೊಸಿಗೇ ಹಾಲು ಆಗಲ್ಲ ಅಂದ್ರೆ, ಊರಾಗ ಯಾರು ಕೊಳ್ತಾರವ್ವ ನಮ್ಮ ಹಾಲು?' ಎಂದಳು. ಆಮೇಲೆ, ಎಲ್ಲ ಮನಸ್ಸಿನದು, ತವರಿನ ನೆನಪಿಗೆ ಹೊಟ್ಟೆ ಕೆಡುತ್ತದೆ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ನಾಲ್ಕು ದಿನಕ್ಕೆ ಸರಿಹೋಗಲಿಲ್ಲ. ಬೆಳಗಿನ ಲೋಟ ಮತ್ತೆ ನನ್ನದಾಯಿತು. ಹಾಲಿನ ಬದಲಿಗೆ ನಿಮಗೆ ಏನು ಹಿಡಿಸುತ್ತದೆ ಎಂದು ನಾವಿಬ್ಬರೂ ಹುಡುಕತೊಡಗಿದೆವು. ಎಷ್ಟು ಖುಷಿಯ ದಿನಗಳು ಅವು! ನಾನು ಕಾಲೇಜಿಗೆ, ನೀವು ಟೇಲರಿಂಗ್ ಕ್ಲಾಸಿಗೆ, ಇಬ್ಬರೂ ದಾವಣಗೆರೆಗೆ ಒಂದೇ ಬಸ್ಸು. ಬರುವಾಗ ಏನಾದರೊಂದು ಹಿಡಿದು ಬರುತ್ತಿದ್ದೆವು. ಸೋಯಾ ಹಾಲಿನ ಪ್ಯಾಕೆಟ್ಟು ತಂದೆವು. ಹಸಿ ಕಾಳಿನ ವಾಸನೆ, ಚಹಾಕ್ಕೆ ಹಾಕಿದರೆ ಒಡೆಯಿತು. ತೆಂಗಿನ ಹಾಲು ರುಚಿಯಾಗಿತ್ತು, ಆದರೆ ಊಟದ ತನಕ ಎದೆಯ ಮೇಲೇ ನಿಂತಿತು. ಮೊಳಕೆ ರಾಗಿ ರುಬ್ಬಿ ಹಿಂಡಿದ ಹಾಲು ಹೊಟ್ಟೆಗೆ ತಂಪಾಯಿತು, ಚಹಾಕ್ಕೆ ಮಾತ್ರ ಸೇರಲಿಲ್ಲ. 'ಇದು ಚಾ ಅಲ್ಲ, ಚಾಕ್ಕೂ ಅಂಬಲಿಗೂ ಮದುವಿ ಮಾಡಿದಂಗೈತೆ' ಎಂದು ನೀವು ನಕ್ಕಿರಿ. ಕಡೆಗೆ ಶೇಂಗಾ. ರಾತ್ರಿ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು, ನುಣ್ಣಗೆ ರುಬ್ಬಿ, ಬಿಳಿ ಪಂಚೆಯಲ್ಲಿ ಸೋಸಿ, ಶುಂಠಿ ಜಜ್ಜಿ ಹಾಕಿ ಕಾಸಿದೆವು. ನೀವು ಕುಡಿದಿರಿ. ಇಬ್ಬರೂ ಗಡಿಯಾರ ನೋಡುತ್ತ ಕೂತೆವು. ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಒಂದು ತಿಂಗಳು ದಿನಾ ಬೆಳಿಗ್ಗೆ ಡೈರಿಯಲ್ಲಿ ಶೇಂಗಾ ಹಾಲಿನ ಎದುರು ನಾನು ಸರಿ ಗುರುತು ಹಾಕಿದೆ. ನಿಮ್ಮ ಮುಖ ತುಂಬಿಕೊಂಡಿತು. ಮೊದಲ ರವಿಕೆಯನ್ನು ನೀವು ನನಗೇ ಹೊಲಿದುಕೊಟ್ಟಿರಿ, ತೋಳು ಸ್ವಲ್ಪ ಬಿಗಿ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸರಿ ಗುರುತುಗಳು ಸಾಕಷ್ಟಿದ್ದವು. ಆದರೆ—

ಕಟ್ಟೆಯ ಮೇಲಿನ ಹೆಂಗಸರು ಹೊಸ ಸೊಸೆ ಲೋಟ ಮುಟ್ಟದಿರುವುದನ್ನು ಗಮನಿಸಿದ್ದರು. ಒಂದು ಬೆಳಿಗ್ಗೆ ಎದುರು ಮನೆಯವರು ಪಾತ್ರೆ ತರಲಿಲ್ಲ. ಅವ್ವ ಕೇಳಲು ಹೋದಾಗ, ನಿಮ್ಮ ಸೊಸೆಗೇ ಆಗದ ಹಾಲು ನಮ್ಮ ಮಕ್ಕಳಿಗೆ ಆಗುತ್ತದೆಯೇ ಎಂದರಂತೆ. ಅವ್ವ ಬಂದು ಎಮ್ಮೆಯ ಪಕ್ಕದಲ್ಲಿ ಕೂತಳು, ಸಗಣಿ ಬಾಚದೆ. ನಾನು ಹತ್ತಿರ ಹೋದಾಗ ಹೇಳಿದ್ದು ಇಷ್ಟು: 'ಅಕಿ ಮನಸಿನಾಗ ಇದ್ದದ್ದನ್ನ ನೀನು ಬರ್ದು ಬರ್ದು ಖರೇ ಮಾಡಿದಿ.'

ಆ ಮಾತು ನನಗೆ ನಾಟಿತು. ಅವ್ವನ ದುಃಖಕ್ಕಿಂತ ಹೆಚ್ಚಾಗಿ ನಾಟಿದ್ದು ನನ್ನ ಲೆಕ್ಕವೇ ತಪ್ಪಿರಬಹುದು ಎಂಬುದು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ವಾರವೇ ಕಾಲೇಜಿನ ತರಗತಿಯಲ್ಲಿ, ಪ್ರಯೋಗ ಮಾಡುವುದು ಹೇಗೆಂಬ ಪಾಠದಲ್ಲಿ ಹೇಳಿದ್ದರು: ಏನು ಕೊಡುತ್ತಿದ್ದೇವೆ ಎಂದು ಕುಡಿಯುವವರಿಗೆ ಗೊತ್ತಿರಬಾರದು, ಆಗಲೇ ನಿಜ ಹೊರಬರುತ್ತದೆ. ಕೊಡುವ ಮೊದಲು ಅವರನ್ನು ಕೇಳಿ ಒಪ್ಪಿಸಬೇಕು ಎಂದೂ ಹೇಳಿದ್ದರು. ನಾನು ಮೊದಲರ್ಧವನ್ನಷ್ಟೇ ಮನೆಗೆ ತಂದೆ.

ನೀವು ಸ್ನಾನಕ್ಕೆ ಹೋಗಿದ್ದಿರಿ. ಅರ್ಧ ಲೋಟ ಶೇಂಗಾ ಹಾಲು ತೆಗೆದು, ಅಷ್ಟೇ ಎಮ್ಮೆ ಹಾಲು ಸುರಿದೆ. ವಾಸನೆ ತಿಳಿಯಬಾರದೆಂದು ಶುಂಠಿಯ ಜೊತೆ ಏಲಕ್ಕಿ. ಒಲೆಯ ಮುಂದೆ ನಿಂತಾಗ ನನಗೆ ಭಯವಾಗಲಿಲ್ಲ ಅತ್ತಿಗೆ. ಹುರುಪು ಇತ್ತು. ಅದನ್ನೇ ನಾನು ಇವತ್ತಿಗೂ—

ನೀವು ಕುಡಿದು ಲೋಟ ಕೆಳಗಿಟ್ಟಿರಿ.

'ಇವತ್ತು ಭಾಳ ಚಲೋ ಆಗೈತೆ. ಏನ್ ಹಾಕಿದಿ?'

'ಏಲಕ್ಕಿ ಅತ್ತಿಗೆ' ಎಂದೆ.

ಬಸ್ಸು ಊರು ದಾಟುವ ಹೊತ್ತಿಗೆ ನಿಮ್ಮ ಹಣೆಯಲ್ಲಿ ಬೆವರು. ನನ್ನ ಮೊಣಕೈ ಹಿಡಿದ ನಿಮ್ಮ ಕೈ ಬಿಗಿಯಾಗುತ್ತ ಹೋಯಿತು. ಉತ್ತರ ನನಗೆ ಆಗಲೇ ಸಿಕ್ಕಿತ್ತು. ಮನಸ್ಸಿನದಲ್ಲ, ಹಾಲಿನದೇ. ಆದರೆ ಬಸ್ಸು ನಿಲ್ಲಿಸಲು ನನ್ನಿಂದ ಆಗಲಿಲ್ಲ. ಕಂಡಕ್ಟರ್ ಮುಂದೆ ಎಲ್ಲೋ ಜನರ ನಡುವೆ ಇದ್ದ, ನೀವು ಹಲ್ಲು ಕಚ್ಚಿಕೊಂಡಿದ್ದಿರಿ. ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಹತ್ತಿರ ಇಳಿಯುವಷ್ಟರಲ್ಲಿ ಸಮಯ ಮೀರಿತ್ತು. ನಿಮ್ಮ ಸೀರೆ... ಹಿಂದಿನ ಸೀಟಿನ ಹುಡುಗರು ಮೂಗು ಮುಚ್ಚಿಕೊಂಡು ನಕ್ಕಿದ್ದು ನಿಮಗೆ ಕೇಳಿಸಿತೆಂದು ನನಗೆ ಗೊತ್ತು. ನೀವು ಇವತ್ತಿನವರೆಗೂ ಅದರ ಮಾತೆತ್ತಿಲ್ಲ.

ಭಟ್ಟಿಯ ಪಕ್ಕದ ಮನೆಯ ಹೆಂಗಸು ಒಂದೂ ಪ್ರಶ್ನೆ ಕೇಳದೆ ಬಚ್ಚಲು ತೋರಿಸಿದಳು, ತನ್ನದೊಂದು ಸೀರೆ ಕೊಟ್ಟಳು. ನೀವು ಹೊರಗೆ ಬಂದ ಮೇಲೆ, ಬೆಳಿಗ್ಗೆ ಏನು ಹೊಟ್ಟೆಗೆ ಹೋಗಿತ್ತು ಎಂದಳು. ಶೇಂಗಾ ಹಾಲು ಎಂದಿರಿ. ಆಕೆ ನಕ್ಕಳು. 'ಶೇಂಗಾ ಎಲ್ಲೆರ ಹಾಲು ಕೊಡ್ತೈತೇನ್ರಿ? ಅದು ಪಿತ್ತ ರೀ, ಪಿತ್ತ. ಹೊಟ್ಟಿ ಕೆಡದೆ ಇನ್ನೇನಾದೀತು?'

ನೀವು ನನ್ನ ಕಡೆ ತಿರುಗಿದಿರಿ. ಕಣ್ಣಲ್ಲಿ ನೀರಿತ್ತು, ಸಿಟ್ಟಿರಲಿಲ್ಲ.

'ಶೇಂಗಾನೂ ಆಗಂಗಿಲ್ಲ ನಂಗೆ, ಅಲ್ಲೇನ್ ಸುಮಾ?'

ಒಂದು ಮಾತು ಸಾಕಿತ್ತು. ಅಲ್ಲ ಎನ್ನಬೇಕಿತ್ತು. ನಾನು ಹೇಳಿದ್ದು— 'ಇರಬೌದು ಅತ್ತಿಗೆ.'

ಬೆರೆಸಿದ್ದು ಮೊದಲ ತಪ್ಪು. ಆದರೆ ನಿಮ್ಮ ಬಾಳು ಕೆಡಿಸಿದ್ದು ಈ ಎರಡನೆಯದು. ಹಾಲು ನಿಮ್ಮ ದೇಹಕ್ಕೆ ಒಂದು ಸಲ ಮಾಡಿದ್ದನ್ನು, ನನ್ನ ಮಾತು ನಿಮ್ಮ ನಂಬಿಕೆಗೆ ಶಾಶ್ವತವಾಗಿ ಮಾಡಿತು. ಮನೆಗೆ ಬಂದ ಮೇಲೆ ನೀವು ಲೆಕ್ಕ ಹಾಕಿದಿರಿ, ನನ್ನಿಂದ ಕಲಿತ ಹಾಗೆಯೇ: ಹಾಲೂ ಆಗಲಿಲ್ಲ, ಶೇಂಗಾವೂ ಆಗಲಿಲ್ಲ, ಅಂದರೆ ತಪ್ಪು ಹಾಲಿನದಲ್ಲ, ನನ್ನ ಹೊಟ್ಟೆಯದು. ಏನು ಕುಡಿದರೂ ಇದೇ ಪಾಡಾದರೆ, ಅತ್ತೆಯ ಮನಸ್ಸನ್ನಾದರೂ ಯಾಕೆ ನೋಯಿಸಬೇಕು? ಮುಂದಿನ ಸೋಮವಾರ ನೀವೇ ಕಟ್ಟೆಗೆ ಬಂದು ಮೊದಲ ಲೋಟ ಕೇಳಿದಿರಿ. ಅವ್ವನಿಗೆ ಕುಣಿಯುವಷ್ಟು ಸಂತೋಷ. ಎದುರು ಮನೆಯವರ ಪಾತ್ರೆ ವಾಪಸ್ಸು ಬಂತು. ಟೇಲರಿಂಗ್ ಕ್ಲಾಸು ನಿಂತುಹೋಯಿತು. ಬಸ್ಸಿನ ಹೆಸರು ಎತ್ತಿದರೇ ಹೊಟ್ಟೆ ಕಿವುಚುತ್ತದೆ ಎಂದಿರಿ. ಹೊಲಿಗೆ ಯಂತ್ರದ ಮೇಲೆ ಈಗ ಟಿವಿ ಇದೆ.

ಹೇಳಬೇಕೆಂದು ಹೊರಟದ್ದು ಎಷ್ಟು ಸಲವೋ. ನೀವು ಬಸುರಿಯಾದಾಗ ಅವ್ವ ಎರಡನೆಯ ಲೋಟವನ್ನೂ ಶುರುಮಾಡಿದಳು. ಆಗ ಹೇಳುತ್ತೇನೆ ಎಂದುಕೊಂಡೆ. ನೀವು ಕುಡಿದು ಗೋಡೆ ಹಿಡಿದು ಹಿತ್ತಲಿಗೆ ಹೋಗುವುದನ್ನು ನೋಡುತ್ತ ನಿಂತೆ. ಬಾಣಂತನದಲ್ಲಿ ಹೇಳುತ್ತೇನೆ ಎಂದುಕೊಂಡೆ. ಬೆಳಿಗ್ಗೆ ಹತ್ತರ ಮುಂಚೆ ನೀವು ಎಲ್ಲಿಗೂ ಹೊರಡುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ತಮಾಷೆಯಾಯಿತು. 'ಮಹಾರಾಣಿ ಸವಾರಿ ಹತ್ತರ ಮ್ಯಾಲೆ' ಎಂದು ಅಣ್ಣ ಅನ್ನುತ್ತಾನೆ, ನೀವೂ ನಗುತ್ತೀರಿ, ಆ ನಗುವಿನಲ್ಲಿ ನಾನೂ ಸೇರುತ್ತೇನೆ. ದಿನ ಕಳೆದಷ್ಟೂ ಮಾತು ಭಾರವಾಯಿತು. ನಾನು ದಾವಣಗೆರೆಯಲ್ಲಿ ರೂಮು ಮಾಡಿ, ರಕ್ತ ಪರೀಕ್ಷೆಯ ಲ್ಯಾಬಿಗೆ ಸೇರಿದೆ. ಇಲ್ಲಿ ಹೇಳದೆ ಯಾರ ಕೈಗೂ ಸೂಜಿ ಚುಚ್ಚುವುದಿಲ್ಲ. ದಿನವೂ ಹತ್ತಾರು ಜನರಿಗೆ, ಇದು ಸ್ವಲ್ಪ ನೋಯುತ್ತದೆ, ಚುಚ್ಚಲೇ ಎಂದು ಕೇಳುತ್ತೇನೆ.

ಹೋದ ಭಾನುವಾರ ಬಂದಿದ್ದೆನಲ್ಲ. ಕಟ್ಟೆಯ ಮೇಲೆ ಹೆಂಗಸರು ಕೂತಿದ್ದರು. ಈ ಸಲ ಲೋಟ ನಿಮ್ಮ ಮಗಳ ಕೈಯಲ್ಲಿತ್ತು. ನಾಲ್ಕೂವರೆ ವರ್ಷದ ಚಿನ್ನು, ಎರಡೂ ಕೈಯಲ್ಲಿ ಹಿಡಿದು, 'ಬ್ಯಾಡವ್ವ, ಹೊಟ್ಟಿ ನೋಯ್ತೈತೆ' ಎಂದು ನಿಮ್ಮ ಸೆರಗಿಗೆ ಮುಖ ಒರಗಿಸಿದಳು. ನೀವು ಅವಳ ತಲೆ ಸವರಿದಿರಿ.

'ಹಾಲಿಂದಲ್ಲ ಬಂಗಾರಿ. ನಮ್ಮ ಹೊಟ್ಟಿನೇ ಹಂಗೆ. ಕುಡಿ, ರೂಢಿ ಆಗತೈತೆ.'

ಆಮೇಲೆ ನನ್ನ ಕಡೆ ನೋಡಿ, 'ನಮ್ಮ ಸುಮಾನೇ ಸಾಕ್ಷಿ. ನಂಗೆ ಶೇಂಗಾ ಹಾಲೂ ಆಗಲಿಲ್ಲ' ಎಂದಿರಿ.

ನಾನು ಸಾಕ್ಷಿಯಾಗಿ ನಿಂತೆ. ಚಿನ್ನು ಕುಡಿದಳು. ನಾನು ತಿಂಡಿಗೂ ನಿಲ್ಲದೆ, ಲ್ಯಾಬಿನಲ್ಲಿ ಕೆಲಸವಿದೆ ಎಂದು ಬಸ್ಸು ಹತ್ತಿದೆ. ಭಾನುವಾರ ಲ್ಯಾಬಿಗೆ ರಜೆ ಎಂದು ನಿಮಗೂ ಗೊತ್ತು. ಆದರೂ ಬುತ್ತಿ ಕಟ್ಟಿಕೊಟ್ಟಿರಿ.

ಅತ್ತಿಗೆ, ನಿಮ್ಮ ಹೊಟ್ಟೆ ನಿಮಗೆ ಸುಳ್ಳು ಹೇಳಿರಲಿಲ್ಲ. ಆ ಒಂದು ತಿಂಗಳು ನಿಜ. ಬುಧವಾರ ಸುಳ್ಳು. ಇಷ್ಟು ತಿಳಿದರೆ ನಿಮ್ಮ ಆರು ವರ್ಷದ ಬೆಳಗುಗಳು ಹಿಂದಕ್ಕೆ ಬರುವುದಿಲ್ಲ, ಆ ಬಸ್ಸಿನ ನಗುವೂ ಅಳಿಸಿಹೋಗುವುದಿಲ್ಲ. ಅದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಕ್ಷಮಿಸಿ ಎಂದು ಬರೆದೆ, ಹೊಡೆದುಹಾಕಿದೆ. ಅದನ್ನು ಕೇಳುವುದು ನಿಮ್ಮಿಂದ ಇನ್ನೂ ಏನನ್ನೋ ಕಸಿದುಕೊಂಡಂತೆ ಅನ್ನಿಸಿತು.

ಈ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ, ಹಾಲು ಹಿಂಡುವ ಹೊತ್ತಿಗೆ. ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟು, ನೀವು ಓದಿ ಮುಗಿಸುವ ತನಕ ನಿಲ್ಲುತ್ತೇನೆ. ಕಟ್ಟೆಯ ಮೇಲಿನ ಹೆಂಗಸರ ಎದುರಿಗೆ, ಅವ್ವನ ಎದುರಿಗೆ, ಬಾಯಿಬಿಟ್ಟೂ ಹೇಳುತ್ತೇನೆ. ಪಾತ್ರೆಗಳು ವಾಪಸ್ಸು ಹೋದರೆ ಹೋಗಲಿ. ಚಿನ್ನುವನ್ನು ಮಕ್ಕಳ ಡಾಕ್ಟರಿಗೆ ತೋರಿಸೋಣ. ಅವಳಿಗೆ ಏನು ಕೊಡಬೇಕೆಂದು ಅವರು ಹೇಳಲಿ, ನಾನಲ್ಲ.

ನಿಮಗಾಗಿ ಒಂದು ಸೇರು ಶೇಂಗಾ ತರುತ್ತೇನೆ. ನೆನೆಹಾಕುವುದು, ರುಬ್ಬುವುದು, ಸೋಸುವುದು, ಕಾಸುವುದು ಎಲ್ಲ ನೀವೇ ಮಾಡಿ. ನಾನು ಒಲೆಯ ಹತ್ತಿರ ಬರುವುದಿಲ್ಲ. ಲೋಟವನ್ನೂ ಮುಟ್ಟುವುದಿಲ್ಲ.